ಬರ್ತೇನಿ

ಸಂಘಮಿತ್ರಾ ನವನಗರದ ಮನೆಗೆ ಎರಡು ಬೆಕ್ಕು ತಂದು ವಾರವಾಗಿತ್ತು. ಯಾರೋ ಬೀದಿಗೆ ಬಿಟ್ಟುಹೋಗಿದ್ದ ಅವು ಮಂಚದ ಕೆಳಗೆ ಸೇರಿಕೊಂಡು ಹೊರಗೆ ಬಂದೇ ಇರಲಿಲ್ಲ. ಅವಳು ಆಫೀಸಿಗೆ ಹೋದ ಮೇಲಷ್ಟೇ ತಟ್ಟೆ ಖಾಲಿಯಾಗುತ್ತಿತ್ತು.

“ಮುಟ್ಟಾಕ ಹೋಗಬ್ಯಾಡ್ರಿ ಅಕ್ಕಾರ, ಮಾತಾಡ್ರಿ ಸಾಕು. ನಿಮ್ಮ ದನಿ ರೂಢಿ ಆಗ್ಲಿ,” ಎಂದಿದ್ದ, ಅವನ್ನು ಸಾಕಲು ಕೊಟ್ಟ ಲೋಹಿತ.

ಮಾತಾಡುವ ರೂಢಿ ಅವಳಿಗೇ ಎಲ್ಲಿತ್ತು? ಅವ್ವ ತೀರಿಕೊಂಡ ಮೇಲೆ ಈ ಮನೆಯಲ್ಲಿ ಮಾತೆಂದರೆ ಫೋನಿನಲ್ಲಷ್ಟೇ. ಕೊನೆಗೆ ಹೊರಡುವಾಗ ಬಗ್ಗಿ, ಮಂಚದ ಕತ್ತಲಿಗೆ “ಬರ್ತೇನಿ” ಎಂದಳು. “ಹೋಗ್ತೇನಿ” ಎಂದರೆ ಅವ್ವ ಬೈಯುತ್ತಿದ್ದಳು, ಸಂಜೆ “ಬಂದ್ಯಾ?” ಎಂದು ಕೇಳುತ್ತಲೂ ಇದ್ದಳು.

ದಿನವೂ ಅಷ್ಟನ್ನೇ ಹೇಳಿ ಹೊರಟಳು.

ಒಂದು ಸಂಜೆ ಬಾಗಿಲು ತೆರೆದರೆ ಎರಡರಲ್ಲಿ ಕರಿಬೆಕ್ಕು ಹೊಸ್ತಿಲ ಬಳಿ ಕೂತು ಅವಳನ್ನೇ ನೋಡುತ್ತಿತ್ತು. “ಬಂದ್ಯಾ?” ಎಂದು ಯಾರೂ ಕೇಳಿರಲಿಲ್ಲ.

“ಹೂಂ ಯವ್ವಾ, ಬಂದೆ,” ಎಂದಳು.