ಬಿಸಿಲಿನ ಬೆಂಚು

ನಾನು ಶಾಲೆಯ ಬಸ್ಸು ಓಡಿಸುವವಳು. ಪೆನ್ಸಿಲ್ವೇನಿಯಾದ ನಮ್ಮ ಗುಡ್ಡದ ರಸ್ತೆಗಳಲ್ಲಿ, ನೆಲವೆಲ್ಲ ಹಿಮಗಟ್ಟಿದ ಜನವರಿಯಲ್ಲಿ, ಬಸ್ಸಿನ ತುಂಬ ಕಿರುಚುವ ಮಕ್ಕಳನ್ನು ಕೂರಿಸಿಕೊಂಡು ಒಂದು ದಿನವೂ ಕೈ ನಡುಗದವಳು. ಆದರೆ ಸ್ಟೀರಿಂಗ್ ನನ್ನ ಕೈಯಲ್ಲಿಲ್ಲದ ಗಾಡಿಯನ್ನು ನಾನು ನಂಬುವುದಿಲ್ಲ. ಅಂಥವಳು ಹೋಗಿ ಹೋಗಿ ರೋಲರ್ ಕೋಸ್ಟರ್ ಹುಚ್ಚಿನವನನ್ನೇ ಮದುವೆಯಾದೆ. ನನ್ನ ಹಣೆಬರಹ.

ಎಮಿಲ್‌ನದು ಅಂತಿಂಥ ಹುಚ್ಚಲ್ಲ. ಬೇಸಿಗೆ ಬಂತೆಂದರೆ ಶನಿವಾರ ಒಂದು ಪಾರ್ಕು, ಭಾನುವಾರ ಇನ್ನೊಂದು. ದೊಡ್ಡ ಊರುಗಳ ಥಳುಕಿನ ಪಾರ್ಕುಗಳು ಅವನಿಗೆ ಬೇಡ. ಜೋಳದ ಹೊಲಗಳ ನಡುವೆ, ಯಾವುದೋ ಹೊಳೆಯ ದಂಡೆಯಲ್ಲಿ, ಅಜ್ಜಂದಿರ ಕಾಲದಿಂದ ಹೇಗೋ ಉಳಿದುಕೊಂಡ ಸಣ್ಣ ಪಾರ್ಕೇ ಆಗಬೇಕು, ಅಲ್ಲಿರುವುದು ಮರದ ಕೋಸ್ಟರೇ ಆಗಿರಬೇಕು. ಅವನು ಹತ್ತುವುದು, ನಾನು ಕೆಳಗೆ ಕೂತು ಸಾಮಾನು ಕಾಯುವುದು. ಚೀಲ, ಟೋಪಿ, ಓದುವ ಕನ್ನಡಕ, ಈಚೀಚೆಗೆ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಕೂಡ. ಅವನು ಕೂರಿಸುವ ಬೆಂಚಾದರೂ ಎಂಥದ್ದು? ಪಕ್ಕದಲ್ಲೇ ಮರದ ನೆರಳಲ್ಲಿ ಒಳ್ಳೊಳ್ಳೆಯ ಬೆಂಚುಗಳಿರುತ್ತವೆ. ಈ ಪುಣ್ಯಾತ್ಮ ಮಾತ್ರ ಪ್ರತಿ ಪಾರ್ಕಿನಲ್ಲೂ ಹುಡುಕಿ ಹುಡುಕಿ ಸುಡುಬಿಸಿಲಿನ ಬೆಂಚನ್ನೇ ತೋರಿಸಿ, ಇಲ್ಲೇ ಕೂತಿರು ರೆಟ್ಟಾ, ಎಲ್ಲೂ ಏಳಬೇಡ ಅನ್ನುತ್ತಾನೆ. ಇಳಿದು ಬಂದಾಗ ಮುಖ ಕೆಂಪಾಗಿರುತ್ತದೆ, ಕಣ್ಣು ತುಂಬಿರುತ್ತದೆ. ಬಂದವನೇ, ಮೇಲಿಂದ ನಿನ್ನನ್ನು ನೋಡಿದೆ ಅನ್ನುತ್ತಾನೆ. ಸುಳ್ಳು ಬೊಗಳಬೇಡ ಎಂದು ನಾನು ಅವನ ಹಲ್ಲನ್ನು ಅವನ ಕೈಗಿಡುತ್ತೇನೆ. ನಮ್ಮ ಸಂಸಾರ ನಡೆದದ್ದೇ ಹೀಗೆ.

ಕಳೆದ ಚಳಿಗಾಲದಲ್ಲಿ ಅವನ ಎದೆ ಕೊಯ್ದರು. ಬದುಕಿ ಬಂದ. ಡಾಕ್ಟರಮ್ಮ ನನ್ನೆದುರೇ ಕೂರಿಸಿಕೊಂಡು, ಇನ್ನು ಕೋಸ್ಟರಿನ ಮಾತೇ ಬೇಡ, ಹತ್ತಿದರೆ ಜೀವಕ್ಕೆ ನಾನು ಜವಾಬ್ದಾರಳಲ್ಲ ಎಂದು ಬಿಡಿಸಿ ಹೇಳಿದರು. ಎಮಿಲ್ ಒಳ್ಳೆಯ ಮಗುವಿನ ಹಾಗೆ ತಲೆಯಾಡಿಸಿದ. ಜೂನ್ ಬಂದ ಕೂಡಲೇ ಶುರುವಾಯಿತು ರಾಗ. ಹತ್ತುವುದಿಲ್ಲವಂತೆ, ಬರೀ ನೋಡುತ್ತಾನಂತೆ, ಸದ್ದು ಕೇಳಿಸಿಕೊಂಡು ಬರುತ್ತಾನಂತೆ. ಪಾಪ ಅನ್ನಿಸಿ ಒಪ್ಪಿದೆ. ಅವನ ಅಣ್ಣನ ಮಗಳು ಕೋರಿನ್ ಕೂಡ ಹೊರಟಳು. ಅವಳಿಗೂ ಅದೇ ಹುಚ್ಚು, ಸಾಲದ್ದಕ್ಕೆ ಎಲ್ಲದಕ್ಕೂ ನಗುವ ಚಾಳಿ. ಕಾರು ನಾನೇ ಓಡಿಸಿದೆ, ಬೇರೆ ಹೇಳಬೇಕಾಗಿಲ್ಲ.

ಶನಿವಾರ ಒಹಾಯೊ ಗಡಿಯ ಪಾರ್ಕಿನಲ್ಲಿ ಕರಿದ ಆಲೂಗಡ್ಡೆ ಕೊಂಡೆವು. ಅದಕ್ಕೆ ವಿನಿಗರ್ ಹಾಕಿಸಿಕೊಂಡು ಬರುತ್ತೇನೆಂದು ಹೋದ ಎಮಿಲ್ ಬರಲೇ ಇಲ್ಲ. ನೇರ ಕೋಸ್ಟರಿನ ಸಾಲಿಗೇ ನುಗ್ಗಿದೆ. ಅಲ್ಲೇ ಇದ್ದ ಭೂಪ. ಹೃದಯದ ತೊಂದರೆ ಇರುವವರು ಹತ್ತಬಾರದು ಎಂದು ಬರೆದ ಹಲಗೆಗೆ ಬೆನ್ನು ಕೊಟ್ಟು, ಅಕ್ಷರ ಯಾರಿಗೂ ಕಾಣದ ಹಾಗೆ ನಿಂತಿದ್ದ. ನನಗೆ ಪಿತ್ತ ನೆತ್ತಿಗೇರಿತು. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದಂತೆ ಕಾಲರ್ ಹಿಡಿದು ಎಳೆದು ತಂದೆ, ಬಾಯಿಗೆ ಬಂದದ್ದೆಲ್ಲ ಅಂದೆ. ಸಂಜೆ ಕಾರಿನಲ್ಲಿ, ಹಿಂದಿನ ಸೀಟಿನಿಂದ, ಜಗಳದ ದನಿಯೇ ಇಲ್ಲದೆ ಅವನ ಒಂದು ಮಾತು ಬಂತು.

"ನಿಂಗೆ ಗೊತ್ತಾಗಲ್ಲ ರೆಟ್ಟಾ. ನೀನು ಒಂದು ಸಲಾನೂ ಮೇಲೆ ಬಂದೋಳಲ್ಲ."

ಬೈದಿದ್ದರೆ ತಿರುಗಿಸಿ ಬೈಯುತ್ತಿದ್ದೆ. ಇದಕ್ಕೆ ರಸ್ತೆಯನ್ನೇ ನೋಡಿಕೊಂಡು ಕಾರು ಓಡಿಸಿದೆ.

ಭಾನುವಾರ ಬೆಳಿಗ್ಗೆ ಬೂದು ಕುದುರೆಯ ಪಾರ್ಕಿಗೆ ಹೊರಟೆವು. ಬೂದು ಕುದುರೆ ಅನ್ನುವುದು ಕೋಸ್ಟರಿನ ಹೆಸರು, ಎಮಿಲ್ ಹುಡುಗನಾಗಿದ್ದಾಗ ಮೊಟ್ಟಮೊದಲು ಹತ್ತಿದ್ದು ಅದನ್ನೇ. ರಸ್ತೆ ಗುಡ್ಡವನ್ನು ಬಳಸಿ ಹೊರಳುವ ಕಡೆ ಅದು ಇದ್ದಕ್ಕಿದ್ದಂತೆ ಕಣ್ಣಿಗೆ ಬೀಳುತ್ತದೆ. ಕಣಿವೆಯ ಈ ದಂಡೆಯಿಂದ ಆ ದಂಡೆಗೆ, ಬಿಳಿ ಬಣ್ಣ ಬಳಿದ ಸಾವಿರಾರು ಮರದ ತೊಲೆಗಳು, ಒಂದರ ಹೆಗಲ ಮೇಲೆ ಒಂದು ನಿಂತು ಆಕಾಶಕ್ಕೆ ಹೋಗಿವೆ. ಮನುಷ್ಯರು ಕೈಯಲ್ಲಿ ಮೊಳೆ ಹೊಡೆದು ಇದನ್ನು ಎಬ್ಬಿಸಿದರು ಅಂದರೆ ನಂಬುವುದು ಕಷ್ಟ. ಆ ತಿರುವಿನಲ್ಲಿ ನಾನು ಪ್ರತಿ ಸಲವೂ ಕಾರು ನಿಧಾನ ಮಾಡುತ್ತೇನೆ. ಮುಂದೆ ಲಾರಿ ಇದೆ ಎಂದೋ ಏನೋ ನೆಪ ಹೇಳುತ್ತೇನೆ. ಆವತ್ತು ನೆಪ ಹೇಳುವ ಮನಸ್ಸಾಗಲಿಲ್ಲ. ಕಾರು ನಿಲ್ಲಿಸಿಬಿಟ್ಟೆ. ಕಿಟಕಿ ಇಳಿಸಿದರೆ ದೂರದಿಂದ, ಗಾಡಿಯನ್ನು ಮೇಲಕ್ಕೆಳೆಯುವ ಸರಪಳಿಯ ಕಟಕಟ ಕೇಳಿಸಿತು, ಆಮೇಲೆ ಒಂದು ಕ್ಷಣ ಏನೂ ಇಲ್ಲ, ಆಮೇಲೆ ಇಡೀ ಕಣಿವೆ ಗುಡುಗಿತು. ಮೂವರೂ ಕೇಳಿದೆವು. ಕನ್ನಡಿಯಲ್ಲಿ ನೋಡಿದರೆ ಎಮಿಲ್ ಅಳುತ್ತಿದ್ದ.

ಪಾರ್ಕಿನೊಳಗೆ ಹೋದವನೇ ತನ್ನ ಮಾಮೂಲಿ ಬಿಸಿಲಿನ ಬೆಂಚಿನ ಹತ್ತಿರ ನಿಂತ. ಒಂದೇ ಒಂದು ಸಲ ಅಂದ. ಆಮೇಲೆ ಜನ್ಮದಲ್ಲಿ ಕೇಳುವುದಿಲ್ಲ ಅಂದ. ಆ ಒಂದು ಸಲಕ್ಕೇ ನಿನ್ನ ಎದೆ ನಿಂತರೆ ನಾನೇನು ಮಾಡಲಿ ಎಂದು ಕೇಳಿದೆ. ಅವನು ಕೋಸ್ಟರಿನ ಏರನ್ನೇ ನೋಡುತ್ತಿದ್ದ. ಇವತ್ತು ಕಾಲರ್ ಹಿಡಿದು ಎಳೆಯಬಹುದು, ನಾಳೆ? ನಾನು ಬಸ್ಸಿನಲ್ಲಿರುವಾಗ ಇವನು ಒಬ್ಬನೇ ಇಲ್ಲಿಗೆ ಬಂದರೆ? ಬಂದೇ ಬರುತ್ತಾನೆ ಎಂದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ನನಗೆ ನಿಜವಾಗಿ ಭಯವಾಯಿತು, ಅವನನ್ನು ಕಳೆದುಕೊಳ್ಳುವ ಭಯ. ಆ ಭಯದಲ್ಲೇ ನಾಲಿಗೆ ಜಾರಿತು.

"ನಿನ್ನ ಬದ್ಲು ನಾನು ಹತ್ತಿದ್ರೆ?"

ಕೋರಿನ್ ನಗುವುದನ್ನೂ ಮರೆತಳು. ಎಮಿಲ್ ನಿಧಾನವಾಗಿ ನನ್ನ ಕಡೆ ತಿರುಗಿದ. "ನೀನು?"

"ನಾನೇ. ನಾನು ಹತ್ತಿ ಬರ್ತೀನಿ. ನೀನು ಈ ಬೆಂಚು ಬಿಟ್ಟು ಏಳಬಾರದು. ಇವತ್ತೂ ಅಷ್ಟೇ, ಇನ್ಯಾವತ್ತೂ ಅಷ್ಟೇ. ಮಾತು ಕೊಡು."

ಅವನು ಒಮ್ಮೆ ಕೋಸ್ಟರನ್ನು, ಒಮ್ಮೆ ನನ್ನನ್ನು ನೋಡಿದ. ಕೊನೆಗೆ, "ಮುಂದಿನ ಸೀಟಲ್ಲಿ ಕೂರ್ಬೇಕು. ಮೇಲೆ ಹೋದಾಗ ಕಣ್ಣು ಮುಚ್ಬಾರ್ದು. ಹಾಗಿದ್ರೆ ಮಾತು" ಅಂದ. ಕೈ ನೀಡಿದ. ನನ್ನ ಚೀಲ, ಓದುವ ಕನ್ನಡಕ, ಟೋಪಿ ಎಲ್ಲ ಅವನ ತೊಡೆಯ ಮೇಲೆ ಹೇರಿ ಹೊರಟೆ.

ಸಾಲಿನಲ್ಲಿ ನಿಂತಾಗ ವಾಪಸು ಹೋಗಿಬಿಡೋಣ ಎಂದು ಎಷ್ಟು ಸಲ ತಿರುಗಿದೆನೋ ಲೆಕ್ಕವಿಲ್ಲ, ತಿರುಗಿದಾಗಲೆಲ್ಲ ಕೋರಿನ್ ತೋಳು ಹಿಡಿದುಕೊಂಡಳು. ಇಬ್ಬರೂ ಮುಂದಿನ ಸೀಟಿನಲ್ಲಿ ಕೂತೆವು. ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಗಟ್ಟಿಗಿತ್ತಿ ಹೆಂಗಸು ನಮ್ಮ ತೊಡೆಗಳ ಮೇಲೆ ಕಂಬಿ ಇಳಿಸುತ್ತಾ ಬಂದಳು. ಇದರ ಸ್ಟೀರಿಂಗ್ ಯಾರ ಕೈಲಿರುತ್ತಮ್ಮ ಎಂದು ಕೇಳಿಯೇಬಿಟ್ಟೆ.

"ಯಾರ ಕೈಲೂ ಇರಲ್ಲ ಅಕ್ಕ" ಅಂದಳು ಅವಳು, ಊಟ ಆಯ್ತಾ ಅನ್ನುವಷ್ಟು ಸಲೀಸಾಗಿ. ಗಾಡಿ ಹೊರಟೇಹೋಯಿತು.

ಸರಪಳಿ ಕೆಳಗಿನಿಂದ ಕೊಕ್ಕೆ ಹಾಕಿ ಎಳೆಯತೊಡಗಿತು. ಮರ ನರಳುವುದು ಬೆನ್ನುಮೂಳೆಗೇ ಕೇಳಿಸುತ್ತಿತ್ತು. ಕೋರಿನ್ ಬೆರಳುಗಳನ್ನು ನಾನು ಪುಡಿಪುಡಿ ಮಾಡುತ್ತಿದ್ದೆ, ಅವಳು ಪಾಪ ಸುಮ್ಮನಿದ್ದಳು. ಮರಗಳ ತುದಿ ಪಕ್ಕಕ್ಕೆ ಬಂತು, ಆಮೇಲೆ ಕಾಲ ಕೆಳಗೆ ಹೋಯಿತು. ಕಣ್ಣು ಮುಚ್ಚಿಯೇಬಿಟ್ಟಿದ್ದೆ. ಕೊಟ್ಟ ಮಾತು ನೆನಪಾಗಿ ತೆರೆದೆ.

ಕಟಕಟ ನಿಂತಿತು. ಗಾಡಿ ನೆತ್ತಿಯ ಮೇಲೆ, ಬೀಳಲೋ ಬೇಡವೋ ಎಂದು ಕೇಳಿಕೊಳ್ಳುವವರ ಹಾಗೆ ತಡೆದು ನಿಂತಿತು. ದೇವರೇ, ಎಂಥಾ ಜಗತ್ತು ಅದು. ನಾನು ದಿನಾ ಬಸ್ಸು ಓಡಿಸುವ ಇದೇ ನಾಡು, ಇದೇ ಗುಡ್ಡಗಳು, ಆದರೆ ಹೀಗೆ ನೋಡಿರಲಿಲ್ಲ. ಹೊಳೆ ಬೆಳ್ಳಗೆ ಮಲಗಿತ್ತು. ಹೊಲಗಳು, ಚರ್ಚಿನ ಗೋಪುರ, ನನ್ನ ಕಾರು, ಎಲ್ಲ ಅಂಗೈಯಲ್ಲಿ ಹಿಡಿಯುವಷ್ಟು. ಗಾಳಿ ಬಿಟ್ಟರೆ ಸದ್ದೇ ಇಲ್ಲ. ಇಷ್ಟು ದೊಡ್ಡದರ ಎದುರು ನಾನು ಏನೂ ಅಲ್ಲ ಅನ್ನಿಸಿತು. ಹಾಗನ್ನಿಸಿದ್ದರಿಂದ ಅವಮಾನವಾಗಲಿಲ್ಲ, ಹೆಗಲಿನಿಂದ ಏನೋ ಭಾರ ಇಳಿದ ಹಾಗಾಯಿತು.

ಆಗ ಕೆಳಗೆ ನೋಡಿದೆ. ಪಾರ್ಕು ತುಂಬ ಮರಗಳೇ. ನೆರಳಿನ ಬೆಂಚುಗಳಲ್ಲಿ ಒಂದೂ ಕಾಣಲಿಲ್ಲ, ಹಸಿರು ಎಲ್ಲವನ್ನೂ ಮುಚ್ಚಿತ್ತು. ಆ ಹಸಿರಿನ ನಡುವೆ ಅಷ್ಟಗಲ ಬಿಸಿಲು. ಆ ಬಿಸಿಲಿನಲ್ಲಿ ಒಂದು ಬೆಂಚು. ಬೆಂಚಿನ ಮೇಲೆ ತೊಡೆಯ ತುಂಬ ಚೀಲ ಇಟ್ಟುಕೊಂಡು, ಕತ್ತೆತ್ತಿ, ನನ್ನನ್ನೇ ನೋಡುತ್ತಾ ಕೂತ ಒಂದು ಬೋಳುತಲೆ.

ಇಷ್ಟು ವರ್ಷ ಆ ಜಾಗದಲ್ಲಿ ನಾನು ಕೂತಿದ್ದೆ, ಶಪಿಸುತ್ತಾ, ಬೆವರು ಒರೆಸಿಕೊಳ್ಳುತ್ತಾ. ಮೇಲೆ ಹೋದವನಿಗೆ ನಾನಿರುವುದೇ ಮರೆತುಹೋಗಿದೆ ಎಂದುಕೊಂಡಿದ್ದೆ. ಅವನೋ, ಪ್ರತಿ ಪಾರ್ಕಿನಲ್ಲೂ, ಮೇಲಿಂದ ನಾನು ಕಾಣುವ ಬೆಂಚನ್ನೇ ಹುಡುಕುತ್ತಿದ್ದ.

ಕೈಯೆತ್ತಿ ಬೀಸೋಣ ಅನ್ನುವಷ್ಟರಲ್ಲಿ ಕೆಳಗಿನ ನೆಲ ಹೋಯಿತು. ಮೈ ಸೀಟಿನಿಂದ ಮೇಲಕ್ಕೆ ಚಿಮ್ಮಿತು, ಕಣಿವೆ ಬಾಯಿ ತೆರೆದು ನಮ್ಮ ಮೇಲೇ ಬಂತು. ಕಿರುಚಿದೆ. ಯಾವಾಗ ಅದು ನಗುವಾಯಿತೋ ಗೊತ್ತಿಲ್ಲ. ಬೀಳುತ್ತಾ, ಏರುತ್ತಾ, ಹೊರಳುತ್ತಾ, ನಾನು ನಗುತ್ತಲೇ ಇದ್ದೆ, ಅಳುತ್ತಲೂ ಇದ್ದೆ. ಇನ್ನಷ್ಟು, ಇನ್ನಷ್ಟು ಎಂದು ಮೈಯೆಲ್ಲ ಕೇಳುತ್ತಿತ್ತು.

ಇಳಿದು ಬಂದಾಗ ಅವನು ಅಲ್ಲೇ ಇದ್ದ. ತಲೆ ಬಿಸಿಲಿಗೆ ಟೊಮೆಟೊ ಆಗಿತ್ತು. ನನ್ನ ಟೋಪಿ ತೊಡೆಯ ಮೇಲಿದ್ದರೂ ಹಾಕಿಕೊಂಡಿರಲಿಲ್ಲ. ನನ್ನ ಮುಖವನ್ನೇ ನೋಡಿದ.

"ನೋಡ್ದೆ ಕಣೋ" ಅಂದೆ. "ಮೇಲಿಂದ ನಿನ್ನ ನೋಡ್ದೆ."

ಅವನು ಚೀಲವನ್ನು ಸರಿಮಾಡಿಕೊಳ್ಳುವವನ ಹಾಗೆ ತಲೆ ತಗ್ಗಿಸಿದ. ಮೂಗು ಒರೆಸಿಕೊಂಡು, ಇನ್ನು ನೆರಳಿಗೆ ಹೋಗೋಣ ಬಾ ಎಂದು ಏಳಲು ಹೋದ. ನಾನು ಅವನ ಭುಜ ಒತ್ತಿ ಕೂರಿಸಿದೆ. ನನ್ನ ಟೋಪಿ ತೆಗೆದು ಅವನ ಬೋಳುತಲೆಗೆ ಹಾಕಿದೆ.

"ಇಲ್ಲೇ ಕೂತಿರು, ಎಲ್ಲೂ ಏಳ್ಬೇಡ" ಅಂದೆ. "ಇನ್ನೊಂದ್ಸಲ ಹೋಗ್ಬರ್ತೀನಿ."