ಕೇಣಿಯಿಂದ ತಂದ ಸೈಕಲ್ಲು

ಮಧುಕರ ಮೂರನೇ ಸಲ ಸೈಕಲ್ಲನ್ನು ಹ್ಯಾಂಡಲ್ಲಿನಿಂದ ಒರೆಸಲು ಸುರು ಮಾಡಿದಾಗ ತಂಗಿ ರೂಪಾಲಿಗೆ ತಡೆಯಲಾಗಲಿಲ್ಲ.

"ಅಣ್ಣಾ, ಸಾಕಲ್ಲ. ಎಷ್ಟು ಸಲ ಒರ್ಸೂದು?"

"ಕಾರಿನ ಬಣ್ಣ ಕೆಡಿಸೂದು ಸೈಕಲ್ ಅಲ್ಲ, ಮರಳು. ಬಟ್ಟೆ ಅಡಿಗೆ ಒಂದು ಕಾಳು ಸಿಕ್ಕಿದ್ರೂ ಸಾಕು, ಕಾರ್ವಾರ ಮುಟ್ಟೂದ್ರೊಳಗೆ ಗೀರಿ ಹಾಕ್ತದೆ."

ಕಾರವಾರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಧುಕರ ಈ ಕೆಲಸಕ್ಕೆ ಒಂದು ವಾರದಿಂದ ತಯಾರಿ ಮಾಡಿಕೊಂಡಿದ್ದ. ಕೆಂಪು ಕಾರಿನ ಹಿಂಬದಿಗೆ ಸೈಕಲ್ ಕಟ್ಟುವ ಹೊಸ ಸ್ಟ್ಯಾಂಡು ಕೂರಿಸಿ, ಅದರ ಕಾಲುಗಳು ಬಣ್ಣಕ್ಕೆ ತಾಗುವಲ್ಲೆಲ್ಲ ಮೆತ್ತನೆಯ ಬಟ್ಟೆ ಮಡಚಿ ಇಟ್ಟಿದ್ದ. ಪೆಡಲುಗಳಿಗೆ ಸ್ಪಂಜು ಸುತ್ತಿದ್ದ. ಹ್ಯಾಂಡಲ್ಲು ತಿರುಗಿ ಗಾಜಿಗೆ ಬಡಿಯದಂತೆ ಕಟ್ಟಲು ಹಳೆಯ ಟ್ಯೂಬು ಕತ್ತರಿಸಿ ತಂದಿದ್ದ.

ಅಂಕೋಲೆ ಹತ್ತಿರದ ಕೇಣಿ ಊರಿನ ಮೀನುಗಾರ ದುರ್ಗಪ್ಪ ತನ್ನ ಬಲೆ ಇಡುವ ಕೊಟ್ಟಿಗೆಯ ಬಾಗಿಲಲ್ಲೇ ನಿಂತಿದ್ದ. ಸೈಕಲ್ಲನ್ನು ಹೊರಗೆ ತಂದು ಅಂಗಳದಲ್ಲಿ ನಿಲ್ಲಿಸಿದ ಮೇಲೆ ಅವನು ಅದರ ಹತ್ತಿರ ಬಂದಿರಲಿಲ್ಲ.

"ಫೋನ್ ಮಾಡ್ದೆ ಅಂತ ಬೇಜಾರ್ ಮಾಡ್ಕಳ್ಬೇಡಿ ಮಾಸ್ತರೆ. ಎರಡು ವರ್ಷ ಇಟ್ಕಂಡೆ. ಈಗ ಮನೆಲಿ ಹೆದರ್ತ್ರು."

"ಎಂತಕ್ಕೆ?"

"ಬೆಳಿಗ್ಗೆ ಬಾಗ್ಲ ತೆಗೆದ್ರೆ ಗಾಲಿ ಹಸಿ ಇರ್ತದೆ. ಬೀಗ ಹಾಕೂದೂ ನಾನೇ, ತೆಗೆಯೂದೂ ನಾನೇ. ಗಾಳಿ ಸೈತ ನಾ ಹಾಕ್ಲಿಲ್ಲ."

ಮಧುಕರ ಹೆಬ್ಬೆರಳಿನಿಂದ ಟೈರು ಒತ್ತಿ ನೋಡಿದ. ಕಲ್ಲಿನಂತಿತ್ತು.

"ಸಮುದ್ರದ ಬದಿ ಅಲ್ವಾ? ಉಪ್ಪುಗಾಳಿಗೆ ರಬ್ಬರ್ ಮೇಲೆ ತೇವ ಕೂತ್ಕಳ್ತದೆ" ಎಂದ, ತರಗತಿಯಲ್ಲಿ ಮಾತಾಡುವ ದನಿಯಲ್ಲಿ. ಟೈರಿನಿಂದ ಕೈ ತೆಗೆದು ಮತ್ತೆ ಬಟ್ಟೆ ಎತ್ತಿಕೊಂಡ.

ಸೈಕಲ್ಲು ಸೂರಜನದು, ಇವರಿಬ್ಬರ ಕಿರಿಯ ತಮ್ಮನದು. ಎರಡು ವರ್ಷದ ಹಿಂದೆ ಒಂದು ಭಾನುವಾರ ಎಲ್ಲರೂ ಕೇಣಿಗೆ ಬಂದಿದ್ದರು. ಕಾರು ಕೊಂಡು ಆಗ ಹದಿಮೂರು ದಿನ. ಸೂರಜ ಮಾತ್ರ ಹುಮ್ಮಸ್ಸಿನಲ್ಲಿ ಕಾರವಾರದಿಂದ ಸೈಕಲ್ ತುಳಿದು ಬಂದಿದ್ದ. ಊಟ ಮುಗಿಸಿ ಹೊರಡುವಾಗ, "ಅಣ್ಣಾ, ಕಾಲು ಸೋತು ಹೋಗ್ಯದೆ. ಇದನ್ನ ಕಾರಿಗೆ ಕಟ್ಕಂಡು ಹೋಗ್ವನಾ?" ಎಂದು ಕೇಳಿದ್ದ. "ಹೊಸ ಬಣ್ಣ ಮಾರಾಯಾ, ಗೀರು ಬೀಳ್ತದೆ. ಬಿಸಿಲು ಇಳಿದ್ಮೇಲೆ ನಿಧಾನ ತುಳ್ಕಂಡು ಬಾ" ಎಂದಿದ್ದ ಮಧುಕರ. ಸೂರಜ ನಕ್ಕು ಕೈ ಬೀಸಿದ್ದ. ಬಿಸಿಲು ಇಳಿಯುವುದನ್ನು ಕಾಯುತ್ತ ನೀರಿಗೆ ಇಳಿದವನು ಮೂರನೇ ದಿನ ಹೆಣವಾಗಿ ಬೇಲೆಕೇರಿಯ ದಂಡೆಗೆ ಬಂದ. ದುರ್ಗಪ್ಪನ ಅಂಗಳದಲ್ಲಿ ನಿಲ್ಲಿಸಿದ್ದ ಸೈಕಲ್ಲು ಅವನ ಕೊಟ್ಟಿಗೆಯಲ್ಲೇ ಉಳಿಯಿತು. ಅದನ್ನು ತರುವ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಆ ದಿನ ರೂಪಾಲಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಅಂಕೋಲೆ ದಾಟಿ ಹೆದ್ದಾರಿ ಹಿಡಿದಾಗ ಹನ್ನೊಂದು ಗಂಟೆ. ಕನ್ನಡಿಯಲ್ಲಿ ರಸ್ತೆ ಕಾಣುತ್ತಿರಲಿಲ್ಲ, ಸೈಕಲ್ಲಿನ ಕಡ್ಡಿಗಳೇ ಕಾಣುತ್ತಿದ್ದವು. ಅವರ್ಸಾ ಕಳೆದ ಮೇಲೆ ಸೈಕಲ್ ಕಟ್ಟಿದ ಪಟ್ಟಿ ಸಡಿಲಾಗಿದೆಯೋ ಎಂದು ನೋಡಲು ಮಧುಕರ ಕಾರು ನಿಲ್ಲಿಸಿ ಇಳಿದ. ಪಟ್ಟಿ ಬಿಗಿಯಾಗಿಯೇ ಇತ್ತು. ಡಿಕ್ಕಿಯ ಬಾಗಿಲ ಮೇಲೆ, ಗಾಲಿಯ ಕೆಳಗೆ, ಬೆರಳಗಲದ ಮರಳಿನ ಗೆರೆ ಬಿದ್ದಿತ್ತು.

"ಗಾಳಿಗೆ ಬಂದಿರ್ಬೇಕು" ಎಂದು ಒರೆಸಿದ.

ಅಮದಳ್ಳಿಯ ಹತ್ತಿರ ರೂಪಾಲಿಯೇ ನಿಲ್ಲಿಸಲು ಹೇಳಿದಳು. ಹಿಂದಿನಿಂದ ಏನೋ ತೊಟ್ಟಿಕ್ಕುವ ಸದ್ದು ಅವಳಿಗೆ ಕೇಳಿಸಿತ್ತು. ಇಳಿದು ನೋಡಿದರೆ ಎರಡೂ ಗಾಲಿಗಳಿಂದ ನೀರು ಇಳಿಯುತ್ತಿತ್ತು. ಮಡಚಿ ಇಟ್ಟ ಬಟ್ಟೆಗಳೆಲ್ಲ ನೆನೆದು ಮರಳು ತುಂಬಿಕೊಂಡಿದ್ದವು. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ರೂಪಾಲಿ ಒಂದು ಹನಿಯನ್ನು ಬೆರಳಿಗೆ ತಗೊಂಡು ತುಟಿಗೆ ತಾಗಿಸಿಕೊಂಡಳು.

"ಉಪ್ಪದೆ" ಎಂದಳು.

ಮಧುಕರ ಕೇಳಿಸಿಕೊಳ್ಳಲಿಲ್ಲ. ಒರೆಸತೊಡಗಿದ್ದ. ಒರೆಸಿದಷ್ಟೂ ಮರಳು ಬರುತ್ತಿತ್ತು, ನಡುವೆ ಉಗುರಿನಷ್ಟು ದೊಡ್ಡ ಚಿಪ್ಪಿಯ ಚೂರುಗಳು. ಅವನು ಕೈಗೆ ಬಲ ಹಾಕಿದ. ಬಟ್ಟೆಯ ಅಡಿಯಲ್ಲಿ ಕರಕರ ಸದ್ದಾಯಿತು. ಕೆಂಪು ಬಣ್ಣದ ಮೇಲೆ ಒಂದು ಬಿಳಿ ಗೀರು, ಅದರ ಮೇಲೆ ಇನ್ನೊಂದು. ಅವನ ಕೈ ನಿಲ್ಲಲಿಲ್ಲ. ಹುಬ್ಬಿನ ಬೆವರು ಕಣ್ಣಿಗೆ ಇಳಿಯುತ್ತಿದ್ದರೂ ಅದೇ ಜಾಗದಲ್ಲಿ ಸುತ್ತಿ ಸುತ್ತಿ ಉಜ್ಜಿದ. ರೂಪಾಲಿ ಅವನ ಮಣಿಕಟ್ಟು ಹಿಡಿದಳು.

"ಅಣ್ಣಾ, ಬಿಡು. ಬಣ್ಣ ನೀನೇ ತೆಗಿತಿದ್ದೆ."

ಅವನು ನಿಂತ. ಮಾಡಿದ್ದನ್ನು ನೋಡಿದ.

"ಅವತ್ತು ನಾನೂ ಬಾಯಿ ಬಿಡ್ಲಿಲ್ಲ" ಎಂದಳು ರೂಪಾಲಿ. "ಕಟ್ಟು, ಪಾಪ, ಅಂತ ಒಂದು ಮಾತು ಹೇಳ್ಬಹುದಿತ್ತು. ಹೊಸ ಕಾರು, ನಂಗೂ ಖುಷಿ ಇತ್ತು."

ಮಧುಕರ ರಸ್ತೆಯಂಚಿನ ಕಲ್ಲಿನ ಮೇಲೆ ಕೂತ. ಎರಡು ಲಾರಿ ಹೋದವು, ಒಂದು ಬಸ್ಸು ಹೋಯಿತು. ಅಳುತ್ತಾನೇನೋ ಎಂದು ರೂಪಾಲಿ ಕಾದಳು. ಅವನು ಎದ್ದು, ಕಟ್ಟಿದ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ, ಪೆಡಲಿನ ಸ್ಪಂಜು ಕಿತ್ತು, ಸೈಕಲ್ಲನ್ನು ರಸ್ತೆಗೆ ಇಳಿಸಿದ.

"ಕೀಲಿ ತಗ. ನೀನು ಕಾರು ತಗಂಡು ಹಿಂದಿಂದ ಬಾ."

"ಕಾಜುಬಾಗದ ಮನೆ ತನಕ ತುಳಿತ್ಯಾ? ಈ ಬಿಸ್ಲಲ್ಲಿ?"

"ಅವ ತುಳಿದಿದ್ನಲ್ಲ."

ಸೈಕಲ್ ಮುಟ್ಟಿ ಹದಿನೈದು ವರ್ಷವಾದರೂ ಆಗಿರಬೇಕು. ಮೊದಲು ಓಲಾಡಿದ, ಆಮೇಲೆ ಸರಿಯಾದ. ರೂಪಾಲಿ ಎರಡನೇ ಗೇರಿನಲ್ಲಿ ಹಿಂದೆ ಬಂದಳು. ಹಿಂದಿನ ವಾಹನಗಳು ಹಾರ್ನ್ ಹೊಡೆದಾಗ ಕೈ ಹೊರಗೆ ಹಾಕಿ ಮುಂದೆ ಬಿಟ್ಟಳು. ತೋಡೂರು ಕಳೆಯಿತು, ಚೆಂಡಿಯಾ ಕಳೆಯಿತು. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಅರ್ಗಾದ ಹತ್ತಿರ ರಸ್ತೆ ತುಸು ಏರುತ್ತದೆ. ಅಂಥ ದೊಡ್ಡ ಏರಲ್ಲ. ಮಧುಕರ ಸೀಟಿನಿಂದ ಎದ್ದು, ಇಡೀ ಮೈಯ ಭಾರ ಹಾಕಿ ಒಂದೊಂದು ಪೆಡಲನ್ನೂ ಕೆಳಗೆ ತಳ್ಳತೊಡಗಿದ. ಮುಂದಿನ ಗಾಲಿ ಹಗುರಾಗಿ ಅತ್ತಿತ್ತ ಹೊರಳುತ್ತಿತ್ತು. ರೂಪಾಲಿ ಕಾರಿನ ವೇಗ ಇನ್ನೂ ಇಳಿಸಿದಳು. ಏರಿನ ನಡುವೆ ಅವನು ಕುತ್ತಿಗೆಯನ್ನು ಸ್ವಲ್ಪ ಹಿಂದಕ್ಕೆ ಓರೆ ಮಾಡಿದ, ಗಾಳಿಯಲ್ಲಿ ಸರಿಯಾಗಿ ಕೇಳಿಸದ ಮಾತಿಗೆ ಕಿವಿ ಕೊಡುವವರ ಹಾಗೆ. ಆಮೇಲೆ ತಲೆಯಾಡಿಸಿ ಮುಂದೆ ನೋಡಿದ. ಹಿಂದಿನ ಕ್ಯಾರಿಯರ್ ಖಾಲಿ ಇತ್ತು. ಅದರ ಕೆಳಗಿನ ಟೈರು ಇಬ್ಬರ ಭಾರ ಹೊತ್ತಂತೆ ರಸ್ತೆಗೆ ಒತ್ತಿ ಚಪ್ಪಟೆಯಾಗಿ, ನಿಧಾನ ಉರುಳುತ್ತ ಏರನ್ನು ಹತ್ತುತ್ತಿತ್ತು.