ಒಂದು ವರ್ಷದ್ದೋ, ಎರಡು ವರ್ಷದ್ದೋ

ಸೋಮವಾರ ಬೆಳಗ್ಗೆ ಏಳು ಗಂಟೆಗೆ ನಾನು ಯಡಿಯೂರು ಕೆರೆಗೆ ಆರನೇ ಸುತ್ತು ಹಾಕುತ್ತಿದ್ದೆ. ಎಂಟೂವರೆಯೊಳಗೆ ಕೆನಡಾದ ವಿಶ್ವವಿದ್ಯಾಲಯಕ್ಕೆ ನನ್ನ ಉತ್ತರ ಹೋಗಬೇಕಿತ್ತು. ಸಿವಿಲ್ ಎಂಜಿನಿಯರಿಂಗ್‌ನಲ್ಲಿ ಅವರು ಎರಡು ಕೋರ್ಸಿಗೂ ಸೀಟು ಕೊಟ್ಟು ನನ್ನ ನಿದ್ದೆ ಕೆಡಿಸಿದ್ದರು. ಒಂದು, ವರ್ಷದಲ್ಲಿ ಮುಗಿಯುವ ಎಂ.ಇಂಗ್. ಬರೀ ಪಾಠ, ಪರೀಕ್ಷೆ, ಸರ್ಟಿಫಿಕೇಟು. ಇನ್ನೊಂದು ಎರಡು ವರ್ಷದ ಥೀಸಿಸ್ ಡಿಗ್ರಿ. ಪ್ರೊಫೆಸರ್ ಜೊತೆ ಲ್ಯಾಬಿನಲ್ಲಿ ಕೂತು, ಕಾಂಕ್ರೀಟು ಏಕೆ ಬಿರುಕು ಬಿಡುತ್ತದೆಂದು ಹುಡುಕುವುದು. ಹುಡುಕಿದ್ದು ಸಿಕ್ಕೇ ಸಿಗುತ್ತದೆಂದು ಯಾರೂ ಬರೆದುಕೊಡುವುದಿಲ್ಲ. ನನ್ನ ಭಯ ಇದ್ದದ್ದೇ ಅಲ್ಲಿ.

ಬಿ.ಇ. ಕೊನೆಯ ವರ್ಷ ನಾನು ಮಾಡಿದ ಹನ್ನೆರಡು ಕಾಂಕ್ರೀಟ್ ಕ್ಯೂಬ್‌ಗಳಲ್ಲಿ ಏಳು, ಲೆಕ್ಕ ಹಾಕಿದ್ದಕ್ಕಿಂತ ಕಡಿಮೆ ಭಾರಕ್ಕೇ ಒಡೆದುಹೋಗಿದ್ದವು. ಗೈಡ್ ಹತ್ತಿರ ಹೋದರೆ, "ಉಳಿದ ಐದರದ್ದು ಬರಿ, ಸಾಕು" ಅಂದರು. ಬರೆದೆ. ಒಳ್ಳೆಯ ಅಂಕ ಬಂತು. ನಾಚಿಕೆ ಇನ್ನೂ ಹೋಗಿಲ್ಲ.

"ಏನಮ್ಮ ಸುರಭಿ, ಡಿಸೈಡ್ ಮಾಡಿದ್ಯಾ?" ಬೆಂಚಿನಿಂದ ರವಿಕಿರಣ್ ಅಂಕಲ್ ಕೂಗಿದರು. ಅವರು ಅಪ್ಪನ ವಾಕಿಂಗ್ ಗೆಳೆಯರು. "ಒಂದು ವರ್ಷದ್ದೇ ತಗೋ. ಕಾಂಕ್ರೀಟ್ ಒಡೆಯೋಕೆ ಅಷ್ಟು ದೂರ ಯಾಕೆ? ನಮ್ಮ ರೋಡಲ್ಲಿ ದಿನಾ ಒಡೀತಾರೆ!"

ಬೆಂಚಿಗೆ ಬೆಂಚೇ ನಕ್ಕಿತು. ನನಗೆ ಯಾವುದು ಒಳ್ಳೆಯದೆಂದು ಇಡೀ ಜಯನಗರಕ್ಕೆ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು. ಹಲ್ಲು ಕಚ್ಚಿಕೊಂಡು ಏಳನೇ ಸುತ್ತಿಗೆ ಹೊರಟೆ.

ಅಪ್ಪನ ಫೋನ್ ಬಂತು. "ಏಳೂವರೆಗೆ ರಾಹುಕಾಲ ಶುರು ಕಣೇ. ಅಷ್ಟರೊಳಗೆ ಉತ್ತರದ ಬಟನ್ ಒತ್ಬೇಕು."

"ಯೋಚನೆ ಮಾಡ್ತಿದೀನಪ್ಪ."

"ಒಂದು ತಿಂಗಳಿಂದ ಮಾಡ್ತಾನೇ ಇದೀಯ."

ಫೋನ್ ಕಟ್ ಮಾಡಿದೆ. ನಮ್ಮಪ್ಪ ಬದರಿನಾಥ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ರಾಹುಕಾಲದಲ್ಲಿ ಗ್ಯಾಸ್ ಸಿಲಿಂಡರ್ ಕೂಡ ಬುಕ್ ಮಾಡುವುದಿಲ್ಲ.

ಮನೆ ತಲುಪಿದಾಗ ಏಳು ಮೂವತ್ತೈದು. ಅಪ್ಪ ನಾನು ತೆರೆದಿಟ್ಟು ಹೋಗಿದ್ದ ಲ್ಯಾಪ್‌ಟಾಪ್ ಮುಂದೆ ಕೂತಿದ್ದರು. ಪಕ್ಕದಲ್ಲಿ ಅಮ್ಮ, ಕೈಯಲ್ಲಿ ಸಕ್ಕರೆ ಬಟ್ಟಲು.

"ಏಳು ಇಪ್ಪತ್ತೆಂಟಕ್ಕೆ ನಾನೇ ಒತ್ತಿದೆ," ಅಂದರು ಅಪ್ಪ. "ಒಂದು ವರ್ಷದ್ದು. ಎಂಟೂವರೆವರೆಗೂ ಬದಲಾಯಿಸ್ಬೋದು ಅಂತ ಬರ್ದಿದೆ. ಬದಲಾಯಿಸೋದೇನೂ ಬೇಡ, ಒಳ್ಳೇ ಗಳಿಗೇಲಿ ಆಗಿದೆ."

ಅಮ್ಮ ನನ್ನ ಬಾಯಿಗೆ ಸಕ್ಕರೆ ಹಿಡಿದರು. ನಾನು ಬಾಯಿ ತೆರೆಯಲಿಲ್ಲ. ಯಾವುದು ಬೇಕೆಂದು ತಿಂಗಳಿಡೀ ತಿಳಿಯದೆ ಒದ್ದಾಡಿದವಳಿಗೆ, ಕೈತಪ್ಪಿದ್ದು ಯಾವುದೆಂದು ಒಂದೇ ಕ್ಷಣದಲ್ಲಿ ತಿಳಿಯಿತು.

"ನನ್ನ ಕೇಳ್ದೇ ಯಾಕೆ ಒತ್ತಿದ್ರಿ? ನಂಗೆ ಥೀಸಿಸ್ಸೇ ಬೇಕು!"

"ಈಗ ರಾಹುಕಾಲ ಕಣೇ. ಒಂಬತ್ತರವರೆಗೂ ಇದೆ."

"ಇರ್ಲಿ. ಏಳಿ."

ಅಪ್ಪ ಏಳಲಿಲ್ಲ. ಕನ್ನಡಕ ತೆಗೆದು ಮೆಲ್ಲಗೆ ಕೇಳಿದರು. "ಎರಡು ವರ್ಷ ಹುಡುಕಿ, ಏನೂ ಸಿಗ್ಲಿಲ್ಲ ಅಂದ್ರೆ?"

ನಾನು ಕೆರೆಯ ಸುತ್ತ ಹೊತ್ತುಕೊಂಡು ತಿರುಗಿದ್ದೂ ಇದೇ ಪ್ರಶ್ನೆಯನ್ನು. ಬೇರೆಯವರ ಬಾಯಲ್ಲಿ ಕೇಳಿದಾಗ ಅದು ಅಷ್ಟೇನೂ ದೊಡ್ಡದಾಗಿರಲಿಲ್ಲ.

"ಸಿಗ್ಲಿಲ್ಲ ಅಂತ್ಲೇ ಬರೀತೀನಪ್ಪ."

ಅಪ್ಪ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಕುರ್ಚಿ ಬಿಟ್ಟು ಎದ್ದರು.

"ಹಾಗಾದ್ರೆ ನೀನೇ ಒತ್ತು."

ಏಳು ನಲವತ್ತೊಂದಕ್ಕೆ, ರಾಹುಕಾಲದಲ್ಲೇ, ಎರಡು ವರ್ಷದ್ದನ್ನು ಒತ್ತಿದೆ.